ಇಬ್ಬರಿಗೆ ಕೇಳಿದ ಟಿಕ್ ಟಿಕ್

ಗಡಿಯಾರ ರಿಪೇರಿಯವನು ಪತ್ತೇದಾರನ ಮನೆಗೆ ಬಟ್ಟೆಗಂಟು ಹೊತ್ತೇ ಬಂದಿದ್ದ.

"ಅತ್ತಿಗೆ ಇವತ್ತೇ ಮನೆ ಬಿಡು ಅಂದ್ರು ಸಾರ್. ರಾತ್ರಿ ಟಿಕ್ ಟಿಕ್ ಅಂತ ಸದ್ದು ಕೇಳತ್ತಂತೆ, ಅವರ ತಲೆ ಕೆಡಿಸೋಕೆ ನಾನೇ ಗೋಡೇಲಿ ಗಡಿಯಾರ ಬಚ್ಚಿಟ್ಟಿದೀನಂತೆ. ಗೋಡೇನೂ ಒಡೆಸಿದ್ರು."

"ಏನು ಸಿಕ್ತು?" ಪತ್ತೇದಾರ ಕೇಳಿದ.

"ಇಟ್ಟಿಗೆ."

ಪತ್ತೇದಾರನ ಬಲಗೈಯಾಗಿದ್ದ ಸೋದರಳಿಯನಿಗೆ ರಕ್ತ ಕುದಿಯಿತು. "ಅದು ಆಯಮ್ಮನ ಭ್ರಮೆ, ಮಾವ!"

"ಭ್ರಮೆ ಹೆಂಗಾಗತ್ತೆ? ಅಣ್ಣಂಗೂ ಕೇಳಿಸಿದೆ," ಎಂದು ರಿಪೇರಿಯವನು ತಲೆ ತಗ್ಗಿಸಿದ.

ಅಳಿಯ ಮಾವನ ಕಡೆ ನೋಡಿದ. ಇಬ್ಬರು ಕೇಳಿದ ಸದ್ದು ಭ್ರಮೆಯಾಗಲು ಸಾಧ್ಯವೇ?

ಅಣ್ಣನ ಮನೆಯಲ್ಲಿ ಮಲಗುವ ಕೋಣೆಯ ಗೋಡೆ ಗಾರೆ ಕಳಚಿಕೊಂಡು ನಿಂತಿತ್ತು. ಅಣ್ಣ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸದವನು.

"ನನ್ನ ಕಿವೀಲಿ ಸದಾ ಶಿಳ್ಳೆ. ಅದು ನಂಗೊಬ್ಬಂಗೇ ಕೇಳೋದು. ಇದು ಹಂಗಲ್ಲ. ಇವಳ ಪಕ್ಕ ಮಲಗಿದಾಗ ನಾನೇ ಕೇಳಿದೀನಿ."

"ಇವರು ತವರಿಗೆ ಹೋದಾಗ?" ಪತ್ತೇದಾರ ಕೇಳಿದ.

ಅಣ್ಣ ತಡವರಿಸಿದ. "ಆಗ... ಇರ್ಲಿಲ್ಲ."

"ಆಗ ತೆಗೆದಿಟ್ಟಿರ್ತಾನೆ ಕಳ್ಳ!" ಎಂದಳು ಅತ್ತಿಗೆ.

ಪತ್ತೇದಾರ ಅವಳ ನಾಡಿ ಹಿಡಿದ. "ಸದ್ದು ಕೇಳಿದ ಹಾಗೇ ಇನ್ನೊಂದು ಕೈಯಿಂದ ಮೇಜು ಬಡೀರಿ, ತಾಯಿ." ಬೆರಳು ಎರಡು ಸಲ ಬಡಿಯಿತು, ನಿಂತಿತು, ಪಟಪಟನೆ ಓಡಿತು. "ಈಗ ಬಾಯಿ ಅಗಲಿಸಿ." ಬೆರಳು ಗಾಳಿಯಲ್ಲೇ ನಿಂತಿತು.

ಎಲ್ಲರನ್ನೂ ಕೂರಿಸಿ, ರಬ್ಬರ್ ನಳಿಗೆಯ ಒಂದು ತುದಿಯನ್ನು ಅವಳ ಕಿವಿಗೂ ಇನ್ನೊಂದನ್ನು ಅಳಿಯನ ಕಿವಿಗೂ ಹಿಡಿಸಿದ. ಅಳಿಯ ಬೆಚ್ಚಿಬಿದ್ದ. ಟಿಕ್. ಟಿಕ್‌ಟಿಕ್. ಅಣ್ಣನ ಕಿವಿಗೆ ಹಿಡಿದರೆ ಏನೂ ಇಲ್ಲ.

"ಯಂತ್ರದ ಗದ್ದಲಕ್ಕೆ ಕಿವಿ ಕೆಟ್ಟು ಹುಟ್ಟೋ ಶಿಳ್ಳೆ ಇನ್ನೊಬ್ಬರಿಗೆ ಕೇಳಲ್ಲ," ಎಂದ ಪತ್ತೇದಾರ. "ನಾಡಿ ಜೊತೆ ಬಡಿದಿದ್ರೆ ರಕ್ತನಾಳದ ಮೇಲೆ ಅನುಮಾನ ಪಡ್ತಿದ್ದೆ. ಇದು ನಾಡಿಗೂ ಕೂಡಲ್ಲ, ಗಡಿಯಾರದಷ್ಟು ಸಮವಾಗೂ ಇಲ್ಲ, ಬಾಯಿ ತೆರೆದ್ರೆ ನಿಲ್ಲತ್ತೆ. ಕಿವಿಯ ಒಳಗೋ ಬಾಯಿಯ ಅಂಗುಳದಲ್ಲೋ ಯಾವುದೋ ಸ್ನಾಯು ಅದುರ್ತಿದೆ. ಅಂಥದ್ದು ಪಕ್ಕದವರಿಗೂ ಕೇಳಬಹುದು. ಇಬ್ಬರಿಗೆ ಕೇಳಿದ್ದಕ್ಕೆ ಹೊರಗಿನದು ಅಂದ್ಕೊಂಡ್ರಿ, ಅಲ್ಲೇ ಎಡವಿದ್ರಿ. ಕಿವಿ ಡಾಕ್ಟರಿಗೆ ತೋರಿಸಿ."

ಅತ್ತಿಗೆ ರಿಪೇರಿಯವನ ಕಡೆ ತಿರುಗಿದಳು. "ನಂಗೆ ಡಾಕ್ಟರಂದ್ರೆ ಭಯ. ನೀನೂ ಬಾರೋ," ಎಂದಳು ಮೈದುನನಿಗೆ.

"ಬರ್ತೀನಿ. ಮೊದಲು ಕಳ್ಳ ಅಂದಿದ್ದನ್ನ ವಾಪಸ್ ತಗೊಳ್ಳಿ. ಇವರೆಲ್ಲರ ಎದುರಿಗೇ."



"ನೀನು ಕಳ್ಳ ಅಲ್ಲಪ್ಪ," ಎಂದಳು ಅತ್ತಿಗೆ. "ತಪ್ಪು ನಂದೇ."