ನೀಲಿ ಹೂಜಿಯ ರಾಜೀನಾಮೆ

"ದೊಡ್ಡಮ್ಮಾ, ನಾನು ರಾಜೀನಾಮೆ ಕೊಟ್ಟೇ ಇಲ್ಲ. ನನ್ನ ಹೆಸರಲ್ಲಿ ಯಾರೋ ಕೊಟ್ಟುಬಿಟ್ಟಿದಾರೆ!"

ಬಣ್ಣದಕ್ಕ ನಮ್ಮ ಕೋಣೆಗೆ ನುಗ್ಗಿದಾಗ ಮಧ್ಯಾಹ್ನ ಎರಡು ಗಂಟೆ. ಪಿಂಗಾಣಿ ಪಾತ್ರೆಗಳಿಗೆ ಬಣ್ಣ ಕಲಸುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಕಾರ್ಖಾನೆಯಲ್ಲಿ ಇರಲಿಲ್ಲ. ನಾಲ್ಕು ಗಂಟೆಗೆ ಮ್ಯಾನೇಜರ್ ಸಹಿ ಹಾಕಿದರೆ ಇಪ್ಪತ್ತೆರಡು ವರ್ಷದ ಕೆಲಸ ಮುಗಿದಂತೆ.

ದೊಡ್ಡಮ್ಮ ಅಂದರೆ ನನ್ನ ತಾಯಿಯ ಅಕ್ಕ. ನಾನು ಕರೆಯುವುದನ್ನು ಕೇಳಿ ಇಡೀ ಕಾರ್ಖಾನೆಗೇ ದೊಡ್ಡಮ್ಮ ಆದವರು. ಪಾಸ್‌ವರ್ಡ್ ಮರೆತವರಿಗೆ ದಾರಿ ತೋರಿಸುವುದು ನಮ್ಮಿಬ್ಬರ ಕೆಲಸ. ಪತ್ತೇದಾರಿಕೆ ಅವರ ಚಟ.

ಹೊಸ ಪೋರ್ಟಲ್ ಬಂದು ತಿಂಗಳಾಗಿತ್ತು. ಬೆಳಗ್ಗೆ ಒಂದು ಸಲ ಪಾಸ್‌ವರ್ಡ್ ಕೊಟ್ಟರೆ ಬಣ್ಣದ ಅಳತೆ, ಪಾತ್ರೆ ಸುಡುವ ಭಟ್ಟಿಯ ವೇಳೆ, ರಜೆ, ರಾಜೀನಾಮೆ ಎಲ್ಲ ಪುಟಗಳೂ ತೆರೆದುಕೊಳ್ಳುತ್ತಿದ್ದವು. ಅವನ್ನು ತಮಗೆ ಬೇಕಾದಂತೆ ಒಪ್ಪ ಮಾಡಿಕೊಳ್ಳಲೂಬಹುದಿತ್ತು. ನಮ್ಮವರೋ, ಹೆಸರಿನ ಜಾಗದಲ್ಲಿ ತಾವು ಮೆಚ್ಚಿದ ಪಾತ್ರೆಯ ಚಿತ್ರ ಹಾಕಿಕೊಂಡು ಮೆರೆಯುತ್ತಿದ್ದರು.

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಪ್ಯಾಕಿಂಗ್‌ನಲ್ಲಿರೋ ನನ್ನ ನಾದಿನಿಗೆ ಮಾತ್ರ. ಮ್ಯಾನೇಜರಿಗೆ ಅವಳ ಮೇಲೇ ಅನುಮಾನ. ಅವಳು ಅಂಥವಳಲ್ಲ, ದೊಡ್ಡಮ್ಮ. ಭಟ್ಟಿ ಮೇಸ್ತ್ರಿಗೇ ನನ್ನ ಕಂಡ್ರೆ ಆಗಲ್ಲ. ನೀಲಿ ಪಾತ್ರೆಗಳು ಅವರ ಭಟ್ಟೀಲಿ ಸೀಳುಬಿಟ್ಟಾಗ ಜಗಳ ಆಯ್ತಲ್ಲ, ಎರಡು ತಿಂಗಳಿಂದ ಮಾತಿಲ್ಲ."

"ಬೆಳಗ್ಗೆ ಪಡಸಾಲೇಲಿ ಎಲ್ಲರೂ ಬಳಸೋ ಕಂಪ್ಯೂಟರಲ್ಲಿ ಕೆಲಸ ಮುಗಿಸಿ ಏನು ಮಾಡಿದೆ?"

"ಹತ್ತೂವರೆಗೆ ಅಳತೆ ಪುಟದಲ್ಲಿ 'ಹೊರಗೆ' ಒತ್ತಿ ಬಣ್ಣದ ಕೋಣೆಗೆ ಹೋದೆ. ಒಬ್ಬಳೇ ಇದ್ದೆ."

ರಾಜೀನಾಮೆ ಹೋದದ್ದು ಹತ್ತು ನಲವತ್ತಕ್ಕೆ, ಅದೇ ಕಂಪ್ಯೂಟರಿನಿಂದ. ನಮ್ಮ ಪಾಸ್‌ವರ್ಡಿನಿಂದಲೇ ಅಕ್ಕನ ಪುಟ ತೆರೆದೆವು. ಅಕ್ಷರಗಳು ಮುಷ್ಟಿ ಗಾತ್ರ. ಭಟ್ಟಿಯ ವೇಳಾಪಟ್ಟಿ ಎಲ್ಲಕ್ಕಿಂತ ಮೇಲೆ.

"ಅಯ್ಯೋ, ನನ್ನ ಪುಟಾನೂ ಕೆಡಿಸಿದಾರೆ!" ಎಂದರು ಅಕ್ಕ. ಮೂಲೆಯಲ್ಲಿ ಅವರ ನೀಲಿ ಹೂಜಿ ಮಾತ್ರ ಹಾಗೇ ಇತ್ತು.

ಆ ದಿನ ಅಕ್ಕನ ಪಾಸ್‌ವರ್ಡ್ ಬಳಕೆಯಾದದ್ದು ಒಂದೇ ಸಲ, ಒಂಬತ್ತಕ್ಕೆ, ಅವರ ಕೈಯಿಂದಲೇ. ದೊಡ್ಡಮ್ಮ ಸಿಬ್ಬಂದಿ ಪಟ್ಟಿಯ ಚಿತ್ರಗಳನ್ನು ನೋಡುತ್ತ ಹೋದರು. ಅದೇ ನೀಲಿ ಹೂಜಿ ಇನ್ನೊಂದು ಕಡೆಯೂ ಇತ್ತು. ಅವರು ನಕ್ಕರು, ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಭಟ್ಟಿಯ ಕಡೆ ಹೋದೆವು. ಮೇಸ್ತ್ರಿಯ ಕನ್ನಡಕ ಮೊಳೆಗೆ ನೇತಾಡುತ್ತಿತ್ತು. ಅವರು ಯಾವುದೋ ಚೀಟಿಯನ್ನು ಮಾರುದೂರ ಹಿಡಿದು ಓದುತ್ತಿದ್ದರು.

ಮೂರೂವರೆಗೆ ಮ್ಯಾನೇಜರ್ ಕೋಣೆಯಲ್ಲಿ ಎಲ್ಲರೂ ಸೇರಿದೆವು. ನಾದಿನಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು.

"ಕಣ್ಣೊರೆಸ್ಕೋ ತಾಯಿ," ಎಂದರು ದೊಡ್ಡಮ್ಮ. "ಎರಡನೇ ಸಲ ಪಾಸ್‌ವರ್ಡ್ ಯಾರೂ ಹಾಕಿಲ್ಲ. ಹಾಕೋ ಅಗತ್ಯವೇ ಇರಲಿಲ್ಲ. ಅಕ್ಕ ಒತ್ತಿದ 'ಹೊರಗೆ' ಅಳತೆ ಪುಟದ್ದು ಮಾತ್ರ. ಒಂದು ಕೋಣೆ ಮುಚ್ಚಿ, ಪೋರ್ಟಲ್ಲಿನ ಹೆಬ್ಬಾಗಿಲು ತೆರೆದಿಟ್ಟು ಹೋದಳು."

"ಹಾಗಾದ್ರೆ ಯಾರೋ ಹೊಂಚು ಹಾಕಿದ್ರು," ಎಂದರು ಮ್ಯಾನೇಜರ್.

"ಹೊಂಚು ಹಾಕಿ ಬಂದೋರು ಅಕ್ಷರ ದೊಡ್ಡದು ಮಾಡ್ಕೊಂಡು, ವೇಳಾಪಟ್ಟಿ ಮೇಲೆ ತಂದಿಟ್ಕೊಂಡು ನೆಮ್ಮದಿಯಾಗಿ ಕೂರ್ತಾರಾ ಸಾರ್? ಅದು ತನ್ನ ಮನೆ ಅಂದ್ಕೊಂಡವರ ಕೆಲಸ. ಕನ್ನಡಕ ಮೊಳೆಗೆ ಹಾಕಿ ಬಂದವರು. ಭಟ್ಟಿ ಹೊತ್ತು ನೋಡದೆ ಕೂರಲಾರದವರು. ಮೇಸ್ತ್ರಿಗಳೇ, ನಿಮ್ಮ ಪುಟದ ಚಿತ್ರ ಯಾವುದು?"

ಮೇಸ್ತ್ರಿ ತಲೆ ತಗ್ಗಿಸಿದರು. "ನೀಲಿ ಹೂಜಿ. ನಾವಿಬ್ರೂ ಸೇರಿ ಮಾಡಿದ ಮೊದಲನೇದು."

ಇಬ್ಬರೂ ಅದೇ ಚಿತ್ರ ಹಾಕಿಕೊಂಡದ್ದು ಒಬ್ಬರಿಗೊಬ್ಬರಿಗೆ ಗೊತ್ತೇ ಇರಲಿಲ್ಲ. ಮಾತಿದ್ದರಲ್ಲವೇ! ತೆರೆಯ ಮೇಲೆ ಹೂಜಿ ಕಂಡು ತನ್ನದೇ ಪುಟವೆಂದು ಅವರು ಕೂತಿದ್ದರು. ರಾಜೀನಾಮೆ ಮೇಸ್ತ್ರಿಯದು, ಹೋದದ್ದು ಅಕ್ಕನ ಹೆಸರಲ್ಲಿ.

ಅಕ್ಕನ ಸಿಟ್ಟೆಲ್ಲ ಎಲ್ಲಿ ಹೋಯಿತೋ. "ನೀವು ಹೋಗ್ತಿದ್ರಾ?"

"ನಿಮ್ಮ ಬಣ್ಣ ಹಾಳು ಮಾಡ್ದೆ ನಾನು. ಯಾವ ಮುಖ ಇಟ್ಕೊಂಡು ಇರ್ಲಿ?"

ಮ್ಯಾನೇಜರ್ ಅರ್ಜಿಯನ್ನು ಅಳಿಸಿ, ಮೆಲ್ಲಗೆ ಹೇಳಿದರು: "ಹೋಗೋದೇ ಆದ್ರೆ ಮೇಸ್ತ್ರಿಗಳೇ, ನಿಮ್ಮ ಹೆಸರಲ್ಲಿ ಇನ್ನೊಂದು ಸಲ ಬರೀಬೇಕಾಗತ್ತೆ."

ಅಕ್ಕ ಎದ್ದು ಹೋಗಿ ಮೇಸ್ತ್ರಿಯ ಪಕ್ಕದ ಕುರ್ಚಿಯಲ್ಲಿ ಕೂತರು.

"ಬರೀರಿ ನೋಡೋಣ, ಅಣ್ಣಾ," ಎಂದರು. "ಕೆಳಗೆ ನನ್ನ ಹೆಸರೂ ಸೇರಿಸಿ."