ನೀಲಿ ಮೀನಿಗೆ ಸಿಹಿನೀರು

"ಗಾಜು ಬಡೀಬ್ಯಾಡ್ರಿ. ಅವು ಹೆದರ್ತಾವ."

ಅಂಗಡಿಯವನ ದನಿಗೆ ಕೇಶರಬಾಯಿ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಕೆಟ್ಟ ರೇಡಿಯೋ ರಿಪೇರಿಗೆ ಕೊಡಲು ಬಂದವಳು, ಅದನ್ನು ಕಂಕುಳಲ್ಲಿಟ್ಟುಕೊಂಡೇ ಮೈಮರೆತು ನಿಂತಿದ್ದಳು. ಗಾಜಿನ ತೊಟ್ಟಿಯಲ್ಲಿ ಹೆಬ್ಬೆರಳುದ್ದದ ಎರಡು ಮೀನು... ಅಂಥ ನೀಲಿಯನ್ನು ಅವಳು ಸೀರೆಯಲ್ಲೂ ಕಂಡಿರಲಿಲ್ಲ.

ಎಂಬತ್ತಮೂರನೇ ಇಸವಿ. ಸಮುದ್ರ ಎಲ್ಲಿ, ಹುಮನಾಬಾದ್ ಎಲ್ಲಿ? ಆದರೆ ಆ ಅಂಗಡಿಯ ರೇಡಿಯೋ ಮೆಕ್ಯಾನಿಕ್ ಸೂರ್ಯಕಾಂತನ ಮೀನಿನ ಹುಚ್ಚಿಗೆ ಹೆದ್ದಾರಿಯೇ ಜೊತೆಗಿತ್ತು. ಲಾರಿ ಡ್ರೈವರ್ ಕಾಸಿಂ ಬೊಂಬಾಯಿಯಿಂದ ಬರುವಾಗಲೆಲ್ಲ ಡಬ್ಬಿಗಳಲ್ಲಿ ಸಮುದ್ರದ ನೀರು ತಂದು ಇಳಿಸುತ್ತಿದ್ದ. ಗಾಳಿ ಊದುವ ಪಂಪನ್ನು ಸೂರ್ಯಕಾಂತನೇ ಹಳೆಯ ಮೋಟಾರಿನಿಂದ ಕಟ್ಟಿದ್ದ.

ಕೇಶರ ದಿನಾ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬಂದು ಪಕ್ಕದ ಓಣಿಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ರೇಡಿಯೋ ಸರಿಯಾಯಿತು. ಅವಳು ಅಂಗಡಿಗೆ ಬರುವುದು ಮಾತ್ರ ನಿಲ್ಲಲಿಲ್ಲ...

ಮೀನು ಆರಿಸುವ ಬಗೆಯನ್ನು ಅವನು ಹೇಳುವಾಗ ಅವಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ಬಣ್ಣಕ್ಕೆ ಮರುಳಾಗಬಾರದು. ಮೀನು ಮಾರುವವನಿಂದ ಮೊದಲು ಕಾಳು ಹಾಕಿಸಿ ನೋಡಬೇಕು. ತಿನ್ನಲು ಮುಂದೆ ಬಾರದ ಮೀನು ಎಷ್ಟೇ ಚೆಂದವಿದ್ದರೂ ಬೇಡ. ಕಣ್ಣು ತಿಳಿಯಾಗಿರಬೇಕು, ರೆಕ್ಕೆ ಅರಳಿರಬೇಕು, ಹೊಟ್ಟೆ ಒಳಗೆ ಹೋಗಿರಬಾರದು. ತಂದ ಮೇಲೂ ಮೂರು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಬೇಕು.

'ಇಷ್ಟು ಸಣ್ಣ ಜೀವಕ್ಕೆ ಇಷ್ಟು ತಾಳ್ಮೆ ಇರುವ ಗಂಡಸು...' ಕೇಶರ ಆ ಯೋಚನೆಯನ್ನು ಪೂರ್ತಿ ಮಾಡಲು ನಾಚಿದಳು.

ಆದರೂ ಪ್ರತಿ ಬೇಸಿಗೆಯಲ್ಲಿ ಅವನ ಮೀನು ಸಾಯುತ್ತಿದ್ದವು. ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಹೇಳುವಾಗ ಅವನು ತಲೆ ಎತ್ತಲಿಲ್ಲ.

ಏಪ್ರಿಲ್‌ನಲ್ಲಿ ಸಾಮಾನು ತರಲು ಬೊಂಬಾಯಿಗೆ ಹೊರಟವನು ಅಂಗಡಿಯ ಕೀಲಿಯನ್ನು ಅವಳ ಕೈಗೇ ಕೊಟ್ಟ. ಗಾಜಿನ ಮೇಲಿನ ಗೆರೆಗಿಂತ ನೀರು ಇಳಿದರೆ ಡಬ್ಬಿಯ ಸಮುದ್ರದ ನೀರು ಹಾಕಬೇಕೆಂದು ಹೇಳಿ ಹೋದ. ಅವಳಿಗೆ ಅಂಗಡಿಯಲ್ಲ, ಅವನ ಜೀವವನ್ನೇ ಕೈಗಿಟ್ಟಂತಾಯಿತು.

ಬಿಸಿಲಿಗೆ ನೀರು ದಿನಾ ಇಳಿಯುತ್ತಿತ್ತು, ಅವಳು ದಿನಾ ತುಂಬುತ್ತಿದ್ದಳು. ಐದನೇ ದಿನ ಮೀನು ತಿನ್ನುವುದು ಬಿಟ್ಟವು. ತಳದಲ್ಲಿ ಬಿದ್ದು ಏದುಸಿರು ಬಿಡತೊಡಗಿದವು.

ಕೇಶರ ತೊಟ್ಟಿಯ ಮೇಲೆ ಬಗ್ಗಿ ನೋಡಿದಳು. ಮುಚ್ಚಳದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿತ್ತು. ಅವಳು ಬೆರಳದ್ದಿ ಡಬ್ಬಿಯ ನೀರಿನ ರುಚಿ ನೋಡಿದಳು. ಆಮೇಲೆ ತೊಟ್ಟಿಯದು... ಥೂ, ಬಾಯಿಗಿಡಲು ಆಗದಷ್ಟು ಉಪ್ಪು!

ಅಂದಿನಿಂದ ಡಬ್ಬಿ ಮುಟ್ಟಲಿಲ್ಲ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಬಾವಿಯ ಸಿಹಿನೀರನ್ನು ನಿಧಾನಕ್ಕೆ ಸುರಿದಳು.

ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಮರಳಿದ ಸೂರ್ಯಕಾಂತ ಬಾಗಿಲಲ್ಲಿ ಕಂಡದ್ದು ಅದನ್ನೇ: ತಳದಲ್ಲಿ ಬಿದ್ದ ಮೀನು, ಅವಳ ಕೈಯಲ್ಲಿ ಲೋಟ, ಪಕ್ಕದಲ್ಲಿ ಬಾವಿ ನೀರಿನ ಕೊಡ.

"ಸಮುದ್ರದ ಮೀನಿಗೆ ಬಾವಿ ನೀರು ಹಾಕಾಕತ್ತೀರಿ? ನಿಮ್ಮನ್ನ ನಂಬಿ ಕೀಲಿ ಕೊಟ್ಟಿದ್ದೆ ನಾನು."

ಕಾರಣ ಹೇಳಬಹುದಿತ್ತು. ಆದರೆ ಅವನಾಡಿದ 'ನಂಬಿ' ಎಂಬ ಮಾತು ಅವಳನ್ನು ಚುಚ್ಚಿತ್ತು. ಕೀಲಿಯನ್ನು ಮೇಜಿನ ಮೇಲಿಟ್ಟು ಬಸ್ಸು ಹತ್ತಿದಳು. ಮರುದಿನದಿಂದ ಹುಮನಾಬಾದಿಗೆ ಬರಲೇ ಇಲ್ಲ.

ಮೂರನೇ ದಿನ ಮೀನು ಮೇಲೆ ಬಂದು ಕಾಳು ಕಚ್ಚಿದವು. ಸೂರ್ಯಕಾಂತನಿಗೆ ನಂಬಲಾಗಲಿಲ್ಲ. ಡಬ್ಬಿಯ ನೀರನ್ನೂ ತೊಟ್ಟಿಯ ನೀರನ್ನೂ ನಾಲಿಗೆಗಿಟ್ಟು ನೋಡಿದ. ತೊಟ್ಟಿಯದು ಇನ್ನೂ ಹೆಚ್ಚು ಉಪ್ಪು. ಹಣೆ ಚಚ್ಚಿಕೊಂಡು ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದ.

ಬಸವಕಲ್ಯಾಣದ ಮನೆಯಲ್ಲಿ ಕೇಶರ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅವನನ್ನು ಕಂಡರೂ ತಲೆ ಎತ್ತಲಿಲ್ಲ. 'ಬಂದನಲ್ಲ...' ಎಂದು ಮನಸ್ಸು ಕುಣಿದರೂ ಮುಖ ಬಿಗಿದೇ ಇತ್ತು.

"ಗಲತಿ ನಂದು, ತಪ್ಪು ನಂದೇ. ನೀರು ಆರಿ ಹೋಗ್ತದ, ಉಪ್ಪು ಅಲ್ಲೇ ಉಳೀತದ. ಅದರ ಮ್ಯಾಲ ಮತ್ತ ಉಪ್ಪುನೀರೇ ಹಾಕಿ ನಾಕು ಬ್ಯಾಸಗಿ ನಾನೇ ಅವನ್ನ ಕೊಂದೀನಿ. ನಿಮಗ ಹ್ಯಾಂಗ ತಿಳೀತು?"

"ಸಾರು ಕುದ್ದು ಬತ್ತಿದ್ರ ಉಪ್ಪು ಹಾಕ್ತೀವೇನ್ರಿ? ನೀರೇ ಹಾಕ್ತೀವಿ."

ಅವನು ಬೆರಗಾಗಿ ಅವಳನ್ನೇ ನೋಡಿದ. ಸಮುದ್ರವನ್ನೇ ಕಾಣದ ಹುಡುಗಿ!

"ಆರಿಸೋದು ಅಷ್ಟೇ ನನಗ ಬರ್ತದ. ಉಳಿಸೋದು ನಿಮಗ ಬರ್ತದ... ಒಳಗ ಬರೋ ಮುಂದ ನಿಮ್ಮ ಅವ್ವಗ ಒಂದು ಮಾತು ಕೇಳೀನಿ."

ಯಂತ್ರದ ಚಕ್ರ ನಿಂತಿತು.

"ಅವ್ವ ಏನಂದಳ್ರಿ?"

"ನಂಗ್ಯಾಕ ಕೇಳ್ತಿ, ಅಕಿಗೇ ಕೇಳು ಅಂದ್ರು."

ಕೇಶರಳ ಕಣ್ಣು ತುಂಬಿತ್ತು. ಈಗ ತಲೆ ಎತ್ತಿ ನೇರ ಅವನನ್ನೇ ನೋಡಿದಳು.

"ಮತ್ತ ಇನ್ನೂ ಯಾಕ ಸುಮ್ನ ನಿಂತೀರಿ? ಕೇಳ್ರಿ."