ಸುಣ್ಣದ ಕೆಳಗಿನ ಗೆರೆ

"ಕೊಕ್ಕರೆ ನೋಡೋಕೆ ಬಂದಿದೀನಿ ಅಂತ ನಮ್ಮ ಚಿಕ್ಕಮ್ಮನ ಹತ್ರ ಹೇಳಿದ್ರಂತೆ. ಅವು ಆಫ್ರಿಕಾದ ದಾರಿ ಹಿಡಿದು ತಿಂಗಳಾಯ್ತಲ್ಲ ಮೇಡಂ?"

ಬೊಗ್ನಾ ಬೆಚ್ಚಿ ತಿರುಗಿದಳು. ಸಕ್ಕರೆ ಗೆಡ್ಡೆಯ ಹೊಲದ ಬದುವಿನ ಮೇಲೆ ಎತ್ತರದ ಗಂಡಸೊಬ್ಬ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. ಅವಳ ಕೈಯಲ್ಲಿ ಮಣ್ಣು ತೆಗೆಯುವ ಕಬ್ಬಿಣದ ಕೊಳವೆ. ಬಚ್ಚಿಡಲು ಜಾಗವೇ ಇರಲಿಲ್ಲ.

"ಒಂದೆರಡಾದರೂ ಉಳಿದಿರಬಹುದು ಅಂದ್ಕೊಂಡೆ..." ಎಂದಳು.

"ಮಣ್ಣೊಳಗಾ?"

ಅವನು ನಕ್ಕ. ಆ ನಗು ಕಣ್ಣಿನವರೆಗೂ ಹೋಗಿತ್ತು, ಅದೇ ಅವಳಿಗೆ ಹಿಡಿಸಲಿಲ್ಲ. ಇಷ್ಟು ಸಲೀಸಾಗಿ ನಗುವವರನ್ನು ನಂಬಬಾರದು!

ಅವನ ಹೆಸರು ಲೆಷೆಕ್. ಓಲ್ಶಿನ್ ಎಂಬ ಆ ಪುಟ್ಟ ಪಟ್ಟಣದ ಮೇಯರ್. ಬೊಗ್ನಾ ವಾರ್ಸಾದ ಎಂಜಿನಿಯರ್; ಇಳಿದುಕೊಂಡಿದ್ದು ಅವನ ಚಿಕ್ಕಮ್ಮ ಹಲೀನಾಳ ಮನೆಯ ಮಹಡಿಯಲ್ಲಿ. ಕಡಲಾಚೆಯ ದೊಡ್ಡ ಕಂಪನಿಯೊಂದು ಯುರೋಪಿನಲ್ಲಿ ಭಾರೀ ಥೀಮ್ ಪಾರ್ಕ್ ಕಟ್ಟಲು ಹೊರಟಿತ್ತು. ಕೊನೆಗೆ ಉಳಿದದ್ದು ಎರಡೇ ಜಾಗ: ಸ್ಪೇನಿನಲ್ಲೊಂದು, ಓದ್ರಾ ನದಿಯ ಪಕ್ಕದ ಈ ಓಲ್ಶಿನ್ ಇನ್ನೊಂದು. ನೆಲ ಹೇಗಿದೆ, ನೀರು ಹೇಗಿದೆ ಎಂದು ಗುಟ್ಟಾಗಿ ನೋಡಿ ಬರಲು ಅವಳನ್ನು ಕಳಿಸಿದ್ದರು. ಸುದ್ದಿ ಹೊರಬಿದ್ದರೆ ಕೆಲಸ ಹೋಗುತ್ತಿತ್ತು.

ಆಮೇಲೆ ಅವಳು ಎಲ್ಲಿ ಹೋದರೂ ಲೆಷೆಕ್ ಎದುರಾಗತೊಡಗಿದ. ಒಂದು ದಿನ ಬುಟ್ಟಿ ತುಂಬ ಕಾಡಿನ ಅಣಬೆ ತಂದ. ಮತ್ತೊಂದು ದಿನ ಅವಳ ಕಾರಿನ ಚಕ್ರ ಕೆಸರಲ್ಲಿ ಹೂತಾಗ ಟ್ರ್ಯಾಕ್ಟರ್ ತಂದು ಎಳೆಸಿದ. ಅವಳಿಗೆ ಜ್ವರ ಬಂದಾಗ ಚಿಕ್ಕಮ್ಮ ಹಲೀನಾ ಮಾಡಿದ ಹುಳಿಹಿಟ್ಟಿನ ಸಾರನ್ನು ತಾನೇ ಬಟ್ಟಲಿಗೆ ಬಡಿಸಿ ತಂದು, ಅವಳು ಕುಡಿದು ಮುಗಿಸುವವರೆಗೂ ಬಾಗಿಲಲ್ಲೇ ಕಾದ.

ಇಷ್ಟೊಂದು ಯಾಕೆ... ನಾನು ಯಾರೆಂದು ಇವನಿಗೆ ಗೊತ್ತಿದೆಯೇ?

ಅನುಮಾನ ಒಂದು ಕಡೆ. ಇನ್ನೊಂದು ಕಡೆ, ಅವನ ಕಾರಿನ ಸದ್ದು ಕೇಳಿದರೆ ಅವಳ ಕೈ ತಾನಾಗಿಯೇ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಆ ಕೈಯ ಮೇಲೂ ಅವಳಿಗೆ ಸಿಟ್ಟು.

ಊರಿನವರ ರೀತಿಯೂ ವಿಚಿತ್ರವಾಗಿತ್ತು. ತೊಂಬತ್ತೇಳರ ದೊಡ್ಡ ಪ್ರವಾಹದಲ್ಲಿ ಇಲ್ಲಿಗೂ ನೀರು ಬಂದಿತ್ತೇ ಎಂದು ಕೇಳಿದರೆ ಬ್ರೆಡ್ ಅಂಗಡಿಯವಳು ಚಿಲ್ಲರೆ ಹುಡುಕುತ್ತಿದ್ದಳು. ಪಾದ್ರಿಗಳು ಹವಾಮಾನದ ಮಾತು ತೆಗೆಯುತ್ತಿದ್ದರು. ಒತ್ತಿ ಕೇಳಿದರೆ, ನದಿಯ ನೀರು ರೈಲು ಹಳಿ ದಾಟಿ ಒಂದು ಹನಿಯೂ ಈಚೆ ಬರಲಿಲ್ಲ ಎಂದು ಎಲ್ಲರದೂ ಒಂದೇ ಉತ್ತರ. ಸರ್ಕಾರದ ಪ್ರವಾಹ ನಕ್ಷೆಯೂ ಅದನ್ನೇ ಹೇಳುತ್ತಿತ್ತು. ಆದರೂ ಎಲ್ಲರೂ ಒಂದೇ ಪಾಠ ಒಪ್ಪಿಸಿದಂತೆ ಅವಳಿಗೆ ಅನಿಸಿತು.

ಭಾನುವಾರ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಅಡುಗೆಮನೆಯಿಂದ ಹಲೀನಾಳ ದನಿ ಕೇಳಿಸಿತು. ಪಕ್ಕದ ಮನೆಯವಳ ಜೊತೆ ಮಾತಾಡುತ್ತಿದ್ದಳು.

"ನಮ್ಮ ಲೆಷೆಕ್‌ಗೆ ಮೊದಲ ದಿನವೇ ಗೊತ್ತಾಗಿತ್ತು ಕಣೆ, ಪಾರ್ಕಿನವರ ಹುಡುಗಿ ಇವಳೇ ಅಂತ. ಚೆನ್ನಾಗಿ ನೋಡ್ಕೋ ಚಿಕ್ಕಮ್ಮ, ಊರಿನ ಹಣೆಬರಹ ಇವಳ ಕೈಯಲ್ಲಿದೆ ಅಂದಿದ್ದ."

ಬೊಗ್ನಾಳ ಕಾಲು ಅಲ್ಲೇ ನಿಂತಿತು.

ಅಣಬೆ, ಟ್ರ್ಯಾಕ್ಟರ್, ಸಾರು... ಎಲ್ಲವೂ ಊರಿನ ಲೆಕ್ಕಕ್ಕೆ! ತಾನು ಕೂದಲು ಸರಿಮಾಡಿಕೊಂಡಿದ್ದು ಮಾತ್ರ ಯಾರ ಲೆಕ್ಕಕ್ಕೂ ಇಲ್ಲ.

ಪೆಟ್ಟಿಗೆ ಕಟ್ಟಿ ಹೊರಬಂದಾಗ ಲೆಷೆಕ್ ಅವಳ ಕಾರಿನ ಪಕ್ಕದಲ್ಲೇ ನಿಂತಿದ್ದ. ರಾತ್ರಿಯಿಡೀ ನಿದ್ದೆ ಮಾಡದವನ ಮುಖ.

"ಹೋಗೋ ಮುಂಚೆ ಒಂದು ಜಾಗ ತೋರಿಸ್ಬೇಕು," ಎಂದ.

"ಸಾಕು ಮೇಯರ್ ಸಾಹೇಬ್ರೆ. ನಾಟಕ ಮುಗೀತು."

"ಹೌದು, ಮುಗೀತು. ಅದಕ್ಕೇ ಕರೀತಿರೋದು."

ಹೊಲಗಳ ನಡುವೆ ಹಳೆಯ ಪ್ರಾರ್ಥನಾ ಮಂದಿರವೊಂದಿತ್ತು. ಅದರ ಗೋಡೆಗೆ ಹೊಸ ಸುಣ್ಣ ಬಳಿದಿದ್ದರು. ಲೆಷೆಕ್ ಜೇಬಿನಿಂದ ಚಾಕು ತೆಗೆದು, ಕೈ ಎತ್ತಿ, ತಲೆಗಿಂತ ಮೇಲೆ ಕೆರೆಯತೊಡಗಿದ. ಸುಣ್ಣ ಉದುರಿತು. ಕೆಳಗೆ ನೀರು ಏರಿದ್ದ ಮಟ್ಟದ ಕಪ್ಪು ಗೆರೆಯೊಂದು ಕಾಣಿಸಿತು, ಪಕ್ಕದಲ್ಲಿ ಕೆತ್ತಿದ ತೊಂಬತ್ತೇಳರ ಇಸವಿ.

ಬೊಗ್ನಾ ತಲೆ ಎತ್ತಿ ನೋಡಿದಳು. ಇದೇ ಹೊಲದಲ್ಲಿ ಮಕ್ಕಳ ಹೋಟೆಲು ಕಟ್ಟುವುದೆಂದು ಕಂಪನಿ ಗುರುತು ಹಾಕಿತ್ತು.

"ಸುಣ್ಣ ಯಾರು ಬಳಿದಿದ್ದು?"

"ಬಳಿಸಿದ್ದು ನಾನೇ. ಬೇಸಿಗೆಯಲ್ಲಿ ಪಾರ್ಕಿನ ಗಾಳಿಸುದ್ದಿ ಬಂದ ಮಾರನೇ ವಾರ. ನೀರಿನ ವಿಷಯ ಯಾರೂ ಬಾಯಿಬಿಡಬೇಡಿ ಅಂದಿದ್ದೂ ನಾನೇ." ಅವನು ಚಾಕು ಮಡಚಿದ. "ಊರಿಗಿದ್ದ ಒಂದು ಕಾರ್ಖಾನೆ ಮುಚ್ಚಿದ ಮೇಲೆ ಇಲ್ಲಿ ಕೆಲಸ ಇಲ್ಲ. ಆಸೆ ಆಯ್ತು."

"ಮತ್ತೆ ಈಗ ಯಾಕೆ ತೋರಿಸ್ತಿದ್ದೀರಿ? ಸ್ಪೇನಿನವರು ಏನಾದ್ರೂ ದುಡ್ಡು..."

ಬಾಯಿಂದ ಜಾರಿದ ಮೇಲೆ ಅವಳಿಗೇ ನಾಚಿಕೆಯಾಯಿತು. ಅವನು ಬೇಸರಿಸಿಕೊಳ್ಳಲಿಲ್ಲ. ಆ ಪ್ರವಾಹದಲ್ಲಿ ಅವನ ಪುಟ್ಟ ತಂಗಿ ಇದೇ ಮಂದಿರದ ಮಾಡಿನ ಮೇಲಿಂದ ಅಪ್ಪನ ಕೈ ತಪ್ಪಿ ಜಾರಿಹೋಗಿದ್ದಳು. ಅದನ್ನು ಅವನು ಎರಡೇ ಮಾತಿನಲ್ಲಿ ಹೇಳಿದ. "ಪಾರ್ಕಿಗೆ ಬರೋದೂ ಮಕ್ಕಳೇ ಅಲ್ವಾ. ರಾತ್ರಿ ನಿದ್ದೆ ಬರ್ಲಿಲ್ಲ," ಎಂದ.

ಗಾಳಿಗೆ ಸುಣ್ಣದ ಪುಡಿ ಅವನ ತೋಳಿನ ಮೇಲೆ ಬೀಳುತ್ತಿತ್ತು.

"ನನಗೆ ತಂದ ಅಣಬೆ?" ಬೊಗ್ನಾ ಮೆಲ್ಲನೆ ಕೇಳಿದಳು.

"ಅಣಬೆ ಊರಿಗೋಸ್ಕರ. ಸುಳ್ಳು ಹೇಳಲ್ಲ." ಅವನು ನೆಲ ನೋಡಿದ. "ಸಾರು ನನಗೋಸ್ಕರ. ನಿಮಗೆ ಜ್ವರ ಬಂದ ದಿನ ಪಾರ್ಕು ನೆನಪೇ ಆಗ್ಲಿಲ್ಲ."

ನಂಬಲೇ? ಇದೂ ಹೊಸ ಸುಣ್ಣವೇ ಆಗಿದ್ದರೆ...

ಅವಳು ಕಾರು ಹತ್ತಿ ವಾರ್ಸಾದ ದಾರಿ ಹಿಡಿದಳು.

ಕಂಡದ್ದನ್ನೆಲ್ಲ ಕಂಪನಿಗೆ ತಿಳಿಸಿದಳು. ಪಾರ್ಕು ಸ್ಪೇನಿನ ಪಾಲಾಯಿತು. ಅಲ್ಲಿಗೆ ಹೋಗೆಂದು ಕಂಪನಿ ಕರೆದರೆ ಯೋಚಿಸಲು ಸಮಯ ಕೇಳಿದಳು. ವಾರ್ಸಾದ ಮನೆಯಲ್ಲಿ ಕೂತು ಅವನ ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲಾದರೂ ಲಾಭದ ವಾಸನೆ ಬರುತ್ತದೆಯೇ ಎಂದು ಹುಡುಕಿದಳು. ಆ ಭಾನುವಾರದಿಂದ ಅವನಿಗೆ ಸಿಕ್ಕಿದ್ದು ನಷ್ಟವೊಂದೇ. ಗೆರೆ ತೋರಿಸಿ ಪಾರ್ಕು ಕಳೆದ ಸಿಟ್ಟಿಗೆ ವಸಂತದ ಚುನಾವಣೆಯಲ್ಲಿ ಊರು ಅವನನ್ನು ಸೋಲಿಸಿತು ಎಂಬ ಸುದ್ದಿಯೂ ಬಂತು. ಅಂದೇ ಅವಳು ಸ್ಪೇನಿಗೆ ಬರಲಾರೆನೆಂದು ಹೇಳಿ ಓಲ್ಶಿನ್ನಿನ ರೈಲು ಹತ್ತಿದಳು.

ಅವನೀಗ ಶಾಲೆಯ ಬಸ್ಸು ಓಡಿಸುತ್ತಿದ್ದ. ನಿಲ್ದಾಣದಲ್ಲಿ ಮಕ್ಕಳನ್ನು ಇಳಿಸಿ ಬಾಗಿಲು ಮುಚ್ಚಲು ಹೋದವನು ಅವಳನ್ನು ಕಂಡು ಹಾಗೇ ನಿಂತ.

"ಅರ್ಧ ಊರು ನನ್ನ ಹತ್ರ ಮಾತು ಬಿಟ್ಟಿದೆ," ಎಂದ. "ನನ್ನ ಪಕ್ಕ ನಿಂತ್ರೆ ನಿಮ್ಮನ್ನೂ ಬಿಡ್ತಾರೆ."

"ಬಿಡಲಿ. ನಾನು ನಿನ್ನ ಹತ್ರ ಮಾತಾಡೋಕೆ ಬಂದಿದ್ದು."

ಅವಳು ನೀನು ಎಂದದ್ದು ಅವನಿಗೆ ತಾಗಿತು. ಕಿವಿಯವರೆಗೂ ಕೆಂಪಾದ.

"ನಿನ್ನನ್ನ ಪ್ರೀತಿಸ್ತೀನಿ ಲೆಷೆಕ್," ಎಂದಳು ಬೊಗ್ನಾ. "ಆದ್ರೆ ನಂಬೋದು ಇನ್ನೂ ಪೂರ್ತಿ ಬಂದಿಲ್ಲ."

ಅವನು ಬಸ್ಸಿನ ಮೆಟ್ಟಿಲಿಳಿದು ಅವಳ ಕೈಯ ಪೆಟ್ಟಿಗೆ ತೆಗೆದುಕೊಂಡ.

"ಒಂದೇ ಸಲ ಪೂರ್ತಿ ನಂಬಬೇಡ," ಎಂದ. "ಪಕ್ಕದಲ್ಲೇ ಇದ್ದು ದಿನಾ ನೋಡ್ತಾ ಇರು."

"ಮುದುಕಿ ಆಗೋವರೆಗೂ ನೋಡ್ತೀನಿ."

"ನೋಡು."